ತಪ್ಪಿನಕಟ್ಟಿ ಸಿಗ್ನಲ್

ನಮ್ಮೂರಿನ ರೈಲುಗಾಡಿಯನ್ನು ಓಡಿಸುವುದು ಸ್ಟೇಷನ್ನಿನ ಮೇಲಿನ ಕೋಣೆಯಲ್ಲಿ, ಕಂಪ್ಯೂಟರ್ ಆಟದೊಳಗೆ. ಯಾರಾದರೂ ಕುರ್ಚಿಯಲ್ಲಿ ಕೂತು ಆಟ ಶುರು ಮಾಡಿದರೆ ಕೆಳಗೆ ಪ್ಲಾಟ್‌ಫಾರಂನಲ್ಲಿ ನಿಂತ ಗಾಡಿ ಹೊರಡುತ್ತದೆ. ಇಲ್ಲಿ ಬ್ರೇಕ್ ಹಾಕಿದರೆ ಅಲ್ಲಿ, ಎಷ್ಟೋ ಕಿಲೋಮೀಟರ್ ಆಚೆ, ನಿಲ್ಲುತ್ತದೆ. ಯಾರೂ ಕೂರದ ದಿನ ಗಾಡಿ ಇಲ್ಲ. ಇಂಜಿನ್ನಿನಲ್ಲಿ ಡ್ರೈವರ್ ಇರುವುದಿಲ್ಲ. ಆ ಜಾಗದಲ್ಲಿ ಜನ ಬದನೆಕಾಯಿ ಚೀಲ ಇಡುತ್ತಾರೆ.

ಆಟಕ್ಕೆ ಇಪ್ಪತ್ತೆರಡು ವರ್ಷ ವಯಸ್ಸು, ನನಗೂ ಅಷ್ಟೇ. ಅದರಲ್ಲಿ ಮರವೆಂದರೆ ಒಂದಕ್ಕೊಂದು ಅಡ್ಡ ನಿಲ್ಲಿಸಿದ ಎರಡು ರಟ್ಟು. ಆದ್ದರಿಂದ ಕಿಟಕಿಯಾಚೆ ಕಾಣುವುದೂ ರಟ್ಟಿನ ಮರಗಳೇ. ನಮ್ಮೂರ ಮಕ್ಕಳು ಮೊದಲ ಸಲ ಬೇರೆ ಊರಿಗೆ ಹೋಗಿ ದುಂಡನೆಯ ಬೇವಿನ ಮರ ನೋಡಿದಾಗ ಹೆದರಿ ಅಳುತ್ತವೆ. ಆಟದಲ್ಲಿ ಮಳೆ ಬಂದರೆ ಸುರಂಗದ ಒಳಗೂ ಬರುತ್ತದೆ, ಹಾಗಾಗಿ ಸುರಂಗ ಹತ್ತಿರ ಬಂದೊಡನೆ ಪ್ರಯಾಣಿಕರೆಲ್ಲ ಮಾತು ನಿಲ್ಲಿಸದೆಯೇ ಕೊಡೆ ಬಿಚ್ಚುತ್ತಾರೆ. ಪ್ಲಾಟ್‌ಫಾರಂ ಮೇಲೆ ನಿಂತ ಮನುಷ್ಯರಿಗೆ ಆಟದಲ್ಲಿ ಬೆರಳುಗಳಿಲ್ಲ. ಇದೊಂದು ಮಾತ್ರ ಕೆಳಗೆ ಹಾಗಿಲ್ಲ, ಪುಣ್ಯ.

ಎರಡು ವರ್ಷದ ಹಿಂದೆ ಹೊಸ ಆಟವೊಂದು ಬಂದಿತ್ತು. ಎಲೆ ಎಲೆಯೂ ಅಲುಗಾಡುವ ಮರಗಳು, ಹಳಿಯ ಮೇಲೆ ಬಿಸಿಲಿನ ಹೊಳಪು. ಸರದಿಯಂತೆ ಗಾಡಿ ಓಡಿಸುವ ನಮ್ಮ ಕೂಟದ ಟೇಲರ್ ಖಾಜಾಸಾಬರು ಅದರಲ್ಲಿ ಮೊದಲು ಕೂತರು. ಹೊಸ ಆಟದಲ್ಲಿ ನಮ್ಮ ಲೈನೇ ಇರಲಿಲ್ಲ. ಇದ್ದದ್ದರಲ್ಲಿ ಚೆಂದದ್ದು ಆರಿಸಿ ಓಡಿಸಿದರು. ಮಗಳ ಸೀಮಂತಕ್ಕೆ, ಕೋರ್ಟಿನ ತಾರೀಖಿಗೆ ಅಂತ ಹೊರಟ ನಲವತ್ತೆರಡು ಜನ ಸಂಜೆ ಬುತ್ತಿಡಬ್ಬಿಯಲ್ಲಿ ಹಿಮ ತುಂಬಿಕೊಂಡು, ಚಳಿಗೆ ಹಲ್ಲು ಕಟಕಟಿಸುತ್ತ ವಾಪಸ್ ಬಂದರು. ಅದಕ್ಕಿಂತ ಕೆಟ್ಟದ್ದೆಂದರೆ ಆ ಆಟ ತಾನೇ ಬ್ರೇಕ್ ಹಾಕಿಕೊಂಡು, ಖಾಜಾಸಾಬರಿಗೆ ಐದು ನಕ್ಷತ್ರ ಕೊಟ್ಟು ಅಭಿನಂದಿಸಿತು. ಅವರು ಅವಮಾನವಾದವರಂತೆ ಎದ್ದು ಹೋದರು.

ಹಳೆಯದೆಂಬ ಪ್ರೀತಿ ನನಗಿಲ್ಲ. ಹಳೆಯ ಚಪ್ಪಲಿಯನ್ನೂ ಹಾಸ್ಟೆಲಿನ ಹಳೆಯ ಮಂಚವನ್ನೂ ಇವತ್ತೇ ಬಿಸಾಡಲು ತಯಾರಿದ್ದೇನೆ. ಈ ಆಟದ ಮಾತು ಬೇರೆ. ಇದರಲ್ಲಿ ಹನ್ನೆರಡು ಡಬ್ಬಿಯ ಗಾಡಿಗೆ ಬ್ರೇಕ್ ಹಾಕಿದರೆ ಏಳೆಂಟು ಸೆಕೆಂಡ್ ಏನೂ ಆಗುವುದಿಲ್ಲ. ಬ್ರೇಕಿನ ಗಾಳಿಯ ಒತ್ತಡ ತೋರಿಸುವ ಮುಳ್ಳು ಇಳಿಯುತ್ತದೆ, ಗಾಡಿ ಮಾತ್ರ ಅದೇ ವೇಗದಲ್ಲಿ ಹೋಗುತ್ತಲೇ ಇರುತ್ತದೆ. ಹಾಕಿದ್ದು ಹೆಚ್ಚಾಯಿತೋ ಕಡಿಮೆಯಾಯಿತೋ ಆಗ ಗೊತ್ತಾಗುವುದಿಲ್ಲ, ತಿದ್ದಿಕೊಳ್ಳಲೂ ಬರುವುದಿಲ್ಲ. ಆಮೇಲೆ ಹಿಂದಿನಿಂದ ಒಂದೊಂದೇ ಡಬ್ಬಿ ಹಿಡಿದೆಳೆದ ಹಾಗೆ ವೇಗ ಕುಗ್ಗುತ್ತದೆ. ಆ ಏಳೆಂಟು ಸೆಕೆಂಡಿಗಾಗಿ ನಾನು ಕಾಲೇಜು ತಪ್ಪಿಸಿದ್ದೇನೆ, ಊಟ ತಪ್ಪಿಸಿದ್ದೇನೆ, ನನ್ನನ್ನು ನೋಡಲು ಬಂದ ಗಂಡನ್ನೂ ತಪ್ಪಿಸಿದ್ದೇನೆ. ಇಂಥ ಇನ್ನೊಂದು ಸುಖ ನನಗೆ ಗೊತ್ತಿಲ್ಲ.

ನಮ್ಮ ಲೈನನ್ನು ಆಟದೊಳಗೆ ಬರೆದವರು ಪರಪ್ಪ ಮಾಸ್ತರರು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ನೂರಾ ಹತ್ತು ಕಿಲೋಮೀಟರ್ ಹಳಿ, ಹನ್ನೊಂದು ಸ್ಟೇಷನ್, ಎಲ್ಲವನ್ನೂ ಒಬ್ಬರೇ ಬರೆದರು. ಒಂದೇ ಒಂದು ತಪ್ಪು ಮಾಡಿದರು. ಪ್ರತಿ ಸಿಗ್ನಲ್ಲಿನ ಎದುರು ಅದರ ಮುಂದಿನ ಸಿಗ್ನಲ್ಲಿನ ನಂಬರ್ ಬರೆಯಬೇಕು. ನಲವತ್ತಾರನೆಯದರ ಎದುರು ಸೊನ್ನೆ ಉಳಿಯಿತು. ಮುಂದೇನಿದೆಯೆಂದು ತಿಳಿಯದ ಆ ಸಿಗ್ನಲ್ ಅಂದಿನಿಂದ ಹೋಗುವ ಗಾಡಿಗೂ ಬರುವ ಗಾಡಿಗೂ ಕೆಂಪಾಗಿಯೇ ನಿಂತಿದೆ. ಕೆಂಪು ದಾಟಿದರೆ ಆಟ ಮುಗಿದು, ಗಾಡಿ ಎಲ್ಲರನ್ನೂ ಹೊತ್ತು ನಮ್ಮೂರ ಪ್ಲಾಟ್‌ಫಾರಂನಲ್ಲಿ ಮತ್ತೆ ನಿಂತಿರುತ್ತದೆ. ಅದಕ್ಕೇ ಅಲ್ಲಿ ನಿಲ್ಲಬೇಕು, ಮೂರು ಸೀಟಿ ಹೊಡೆಯಬೇಕು, ಅನುಮತಿಯ ಗುಂಡಿ ಒತ್ತಿ ಕಾಯಬೇಕು. ಆಟ ಹನ್ನೆರಡು ನಿಮಿಷ ಯೋಚಿಸಿ ಆಮೇಲೆ ಹೋಗಲು ಬಿಡುತ್ತದೆ.

ಹನ್ನೆರಡು ನಿಮಿಷ ಗಾಡಿ ನಿಲ್ಲುವ ಕಡೆ ಜನ ಸುಮ್ಮನಿರುತ್ತಾರೆಯೇ? ಮೊದಲು ಒಬ್ಬಳು ಪೇರಲಹಣ್ಣಿನ ಬುಟ್ಟಿ ತಂದಳು. ಮರುವರ್ಷ ಚಹಾದ ಅಂಗಡಿ, ಆಮೇಲೆ ಗಿರಣಿ, ಆಮೇಲೆ ಶಾಲೆ. ಈಗ ಅಲ್ಲಿ ಅರವತ್ತು ಮನೆಗಳಿವೆ. ಊರಿನ ಹೆಸರು ತಪ್ಪಿನಕಟ್ಟಿ. ಅಲ್ಲಿ ಸ್ಟೇಷನ್ ಇಲ್ಲ, ರಸ್ತೆಯೂ ಇಲ್ಲ. ಇರುವುದೊಂದು ಕೆಂಪು ದೀಪ.

ಈಗ ಆ ಶನಿವಾರದ ವಿಷಯ. ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿ ಕಾಶವ್ವ ಕಾಲೇಜಿನ ಖೋ ಖೋ ತಂಡದ ಕ್ಯಾಪ್ಟನ್. ತಂಡ ಮೊಟ್ಟಮೊದಲ ಬಾರಿಗೆ ಫೈನಲ್ ತಲುಪಿತ್ತು. ಪಂದ್ಯ ಲೈನಿನ ಕೊನೆಯ ಸ್ಟೇಷನ್ನಿನ ಎದುರಿನ ಮೈದಾನದಲ್ಲಿ. ಮೂರೂಕಾಲಿಗೆ ಹೆಸರು ಕರೆಯುತ್ತಾರೆ. ಒಂಬತ್ತು ಜನ ಎದುರು ನಿಂತು ಹಾಜರ್ ಎನ್ನಬೇಕು. ಎಂಟೇ ಜನ ಇದ್ದರೆ ಆಡದೆಯೇ ಸೋತಂತೆ. ತಂಡದಲ್ಲಿ ಮೂವರಿಗೆ ಜ್ವರ ಬಂದು ಉಳಿದದ್ದು ಸರಿಯಾಗಿ ಒಂಬತ್ತು. ಗಾಡಿ ಹನ್ನೆರಡಕ್ಕೆ ಹೊರಟರೆ ಎರಡು ಐವತ್ತಕ್ಕೆ ತಲುಪುತ್ತದೆ, ಏನೂ ತೊಂದರೆ ಇರಲಿಲ್ಲ. ಆದರೆ ಕಾಲೇಜಿನ ಚೇರ್ಮನ್ನರು ತಂಡಕ್ಕೆ ಹಾರ ಹಾಕಿ ಬೀಳ್ಕೊಡುವುದಾಗಿಯೂ ಗಾಡಿ ಹನ್ನೆರಡೂವರೆಗೆ ಬಿಡಬೇಕೆಂದೂ ಹಿಂದಿನ ದಿನ ಹೇಳಿ ಕಳಿಸಿದರು. ಅಲ್ಲಿಗೆ ಮೂರು ಇಪ್ಪತ್ತಾಯಿತು. ಕಾಶವ್ವ ಮಂಚದ ಮೇಲೆ ಕೂತು ಬೆರಳೆಣಿಸಿ ಅತ್ತಳು. ಅವಳು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮಾಸ್ತರರಿಗೆ ಕಣ್ಣಿನ ಆಪರೇಷನ್ ಆಗಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಆದ್ದರಿಂದ ಶನಿವಾರದ ಗಾಡಿ ನನ್ನದು. ಬೆಳಿಗ್ಗೆ ಕೋಣೆಗೆ ಬೇಗ ಹೋದೆ. ಆಟದ ಫೈಲುಗಳೆಲ್ಲ ಸಾದಾ ಅಕ್ಷರದಲ್ಲಿವೆ, ಓದಲು ಬರುವ ಯಾರು ಬೇಕಾದರೂ ತಿದ್ದಬಹುದು. ಸಿಗ್ನಲ್ಲುಗಳ ಫೈಲು ತೆರೆದು ನಲವತ್ತಾರರ ಎದುರಿನ ಸೊನ್ನೆ ಅಳಿಸಿ ನಲವತ್ತೇಳು ಎಂದು ಬರೆದೆ. ಅರ್ಧ ನಿಮಿಷದ ಕೆಲಸ. ಹನ್ನೆರಡು ನಿಮಿಷ ಉಳಿಯಿತು, ಮೂರು ಎಂಟಕ್ಕೆ ಗಾಡಿ ತಲುಪುತ್ತದೆ. ಇಪ್ಪತ್ತೆರಡು ವರ್ಷ ಯಾರಿಗೂ ಹೊಳೆಯದ್ದು ನನಗೆ ಹೊಳೆಯಿತೆಂದು ಶಿಳ್ಳೆ ಹಾಕುತ್ತ ಬಂದು ಉಪ್ಪಿಟ್ಟು ತಿಂದೆ. ಯಾರಿಗೂ ಹೇಳಲಿಲ್ಲ.

ಹನ್ನೆರಡೂವರೆಗೆ ಹೊರಟೆ. ಮಾಸ್ತರರು ಮನೆಯಲ್ಲಿರಲಾರದೆ ಖಾಜಾಸಾಬರ ಕೈಹಿಡಿದು ಮೆಟ್ಟಿಲು ಹತ್ತಿ ಬಂದು ನನ್ನ ಪಕ್ಕ ಕೂತರು. ಅವರಿಗೆ ಕಣ್ಣು ಬೇಕಾಗಿಯೂ ಇರಲಿಲ್ಲ. ಹಳಿಯ ಸದ್ದು ಕೇಳಿಯೇ ಗಾಡಿ ಎಲ್ಲಿದೆಯೆಂದು ಹೇಳುತ್ತಿದ್ದರು. ಸೇತುವೆ ಬಂತು, ಸುರಂಗ ಬಂತು, ಈಗ ಏರು, ಕೈ ಬಿಗಿ ಮಾಡು. ಸ್ಟೇಷನ್ನಿಗೆ ಸ್ಟೇಷನ್ ಸಮಯಕ್ಕೆ ಸರಿಯಾಗಿ ಕೂಡುತ್ತಿತ್ತು. 

ಎರಡು ಗಂಟೆ ಹನ್ನೆರಡು ನಿಮಿಷಕ್ಕೆ ಗಾಡಿಯೊಳಗಿಂದ ಕಾಶವ್ವ ಫೋನ್ ಮಾಡಿದಳು. ಖಾಜಾಸಾಬರು ಅದನ್ನು ನನ್ನ ಕಿವಿಗೆ ಹಿಡಿದರು. ಆರಾಮಾಗಿ ಬರುತ್ತಿದ್ದೇವೆ, ಎಂಟೂ ಜನ ಬುತ್ತಿ ತಿಂದೆವು ಎಂದಳು.

"ಎಂಟ? ಒಂಬತ್ತಲ್ಲೇನ?"

"ದ್ಯಾಮವ್ವ ಅಕಿ ಊರಾಗಽ ಹತ್ತತಾಳ. ತಪ್ಪಿನಕಟ್ಟಿ ಕೆಂಪು ದೀಪಕ್ಕ. ದಿನಾ ಅಲ್ಲೇ ಹತ್ತಾಕಿ, ನಿನಗ ಗೊತ್ತಿಲ್ಲೇನು?"

ನನಗೆ ಗೊತ್ತಿರಲಿಲ್ಲ. ದ್ಯಾಮವ್ವ ಎಂದರೆ ತಂಡದ ಅತಿ ವೇಗದ ಓಟಗಾರ್ತಿ, ನಾಲ್ಕು ನಿಮಿಷ ಯಾರ ಕೈಗೂ ಸಿಗದವಳು, ಇಷ್ಟೇ ಗೊತ್ತಿತ್ತು. ಅವಳು ಎಲ್ಲಿ ಹತ್ತುತ್ತಾಳೆಂದು ಮೇಲಿನ ಕೋಣೆಯವರು ಯಾಕೆ ಕೇಳಬೇಕು? ಫೋನ್ ಇಟ್ಟ ಮೇಲೆ ಯೋಚಿಸಿದೆ. ಹಸಿರು ಇದ್ದರೇನಂತೆ, ನಾನೇ ಒಂದು ನಿಮಿಷ ನಿಲ್ಲಿಸಿ ಅವಳನ್ನು ಹತ್ತಿಸಿಕೊಂಡರಾಯಿತು. ಹನ್ನೊಂದು ನಿಮಿಷ ಉಳಿದೇ ಉಳಿಯುತ್ತದೆ.

ಅಷ್ಟರಲ್ಲಿ ಮಾಸ್ತರರು, "ಕೆಂಪು ಬಂತು. ಈಗ ಬ್ರೇಕ್ ಹಾಕಬೇಕು," ಎಂದರು. ನಾನು ಹಾಕಲಿಲ್ಲ. ಇನ್ನೂ ಸ್ವಲ್ಪ ಮುಂದೆ ಹೋಗಿ ಹಾಕುವವಳಿದ್ದೆ. ಅವರು ತಲೆ ನನ್ನ ಕಡೆ ತಿರುಗಿಸಿದರು. ಪಟ್ಟಿ ಕಟ್ಟಿದ ಮುಖ ಹಾಗೆ ತಿರುಗಿದರೆ ಸುಳ್ಳು ಹೇಳಲು ಬರುವುದಿಲ್ಲ. ಫೈಲ್ ತಿದ್ದಿದೆ, ದೀಪ ಹಸಿರಾಗಿದೆ ಎಂದು ಹೇಳಿಬಿಟ್ಟೆ.

"ಆ ಊರವರನ್ನ ಕೇಳಿದೇನು?"

ಆಗಲೇ ತಿರುವು ದಾಟಿತ್ತು, ಸಿಗ್ನಲ್ ಕಾಣಿಸಿತು, ಹಸಿರು. ಅದಕ್ಕೂ ಮೊದಲು, ಹಳಿಯ ಮೇಲೆ, ಜನ. ನಮ್ಮ ಆಟದಲ್ಲಿ ಪ್ಲಾಟ್‌ಫಾರಂ ಬಿಟ್ಟರೆ ಮನುಷ್ಯರು ಎಲ್ಲಿಯೂ ಇಲ್ಲ. ಮಾಸ್ತರರು ಬರೆದಿಲ್ಲ. ಆದರೂ ಇದ್ದರು. ಐವತ್ತು ಅರವತ್ತು ಮಂದಿ ಹಳಿಗೆ ಅಡ್ಡವಾಗಿ ಕೂತು, ಬೆರಳಿಲ್ಲದ ಕೈಗಳನ್ನು ಬುಟ್ಟಿಗಳ ಮೇಲೆ ಇಟ್ಟುಕೊಂಡಿದ್ದರು. ನಾನು ಆಟ ಶುರು ಮಾಡಿದ ಗಳಿಗೆಯಲ್ಲೇ ಅಲ್ಲಿ ದೀಪ ಹಸಿರಾಗಿತ್ತು. ಒಂದೂ ಮುಕ್ಕಾಲು ಗಂಟೆ ಅವರಿಗೆ ಸಮಯ ಸಿಕ್ಕಿತ್ತು, ಸೇರಿಬಿಟ್ಟಿದ್ದರು.

ವೇಗ ಎಪ್ಪತ್ತೆರಡು. ದೂರ ಏಳುನೂರು ಮೀಟರ್ ಇರಬಹುದು. ಕೈ ತಾನಾಗಿಯೇ ಬ್ರೇಕನ್ನು ಕೊನೆಯವರೆಗೆ ಎಳೆಯಿತು. ಮುಳ್ಳು ಕೆಳಗಿಳಿಯಿತು. ಗಾಡಿ ಹೋಗುತ್ತಲೇ ಇತ್ತು. ಒಂದು, ಎರಡು, ಮೂರು. ನಾನು ಪ್ರೀತಿಸುವ ಅದೇ ಸೆಕೆಂಡುಗಳು. ಅವತ್ತು ಅವುಗಳ ಮುಖ ನೋಡಿದೆ. ನಾಲ್ಕು, ಐದು. ಕೂತವರಲ್ಲಿ ಒಬ್ಬರೂ ಏಳಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಿಲ್ಲದ ಗಾಡಿಯನ್ನೇ ಅವರು ಕಂಡಿರಲಿಲ್ಲ. ಆರು. ಏಳು. ಎಂಟು. ಹಿಂದಿನ ಡಬ್ಬಿ ಹಿಡಿಯಿತು. ಐವತ್ತು, ಮೂವತ್ತು. ಮಾಸ್ತರರು ನನ್ನ ಕೈಯ ಮೇಲೆ ಕೈಯಿಟ್ಟು, "ಬಿಡಬ್ಯಾಡ, ಹಂಗಽ ಹಿಡಿ," ಎಂದರು. ಹತ್ತು. ಐದು. ನಿಂತಾಗ ಇಂಜಿನ್ನಿನ ಮೂತಿ ಮೊದಲ ಬುಟ್ಟಿಯಿಂದ ಎಂಟು ಮೊಳ ದೂರದಲ್ಲಿತ್ತು.

ಎರಡು ಇಪ್ಪತ್ತೊಂದು.

ಕಾಶವ್ವ ಮತ್ತೆ ನನಗೆ ಫೋನ್ ಹಚ್ಚಿ, ಅದನ್ನು ಹಿಡಿದುಕೊಂಡೇ ಕೆಳಗಿಳಿದು ಓಡಿದಳು. ದ್ಯಾಮವ್ವ ಆಟದ ಚಡ್ಡಿ ಹಾಕಿಕೊಂಡು, ಬೂಟು ಬಿಗಿದುಕೊಂಡು ಸಿದ್ಧವಾಗಿಯೇ ಇದ್ದಳಂತೆ, ಆದರೆ ಹಳಿಯ ಮೇಲೆ ಎಲ್ಲರಿಗಿಂತ ಮುಂದೆ ಕೂತಿದ್ದಳು. ಏಳೇ ಎಂದರೆ ಏಳಲಿಲ್ಲ. ಇವತ್ತು ಹಸಿರಾದ ದೀಪ ನಾಳೆಯೂ ಹಸಿರೇ, ನಾಳೆ ನಾನು ಕಾಲೇಜಿಗೆ ಹ್ಯಾಗೆ ಬರಲಿ, ಒಂದು ಫೈನಲ್ ಆಡಿ ಮನೆಯಲ್ಲಿ ಕೂರಲೇನು ಎಂದು ಕೇಳಿದಳಂತೆ. ಅವಳದು ತಪ್ಪೆಂದು ಹೇಳಲು ಕಾಶವ್ವನಿಗೂ ಆಗಲಿಲ್ಲ. ಫೋನನ್ನು ದ್ಯಾಮವ್ವನ ಅಜ್ಜಿ ಹುಲಿಗೆವ್ವನ ಕೈಗೆ ಕೊಟ್ಟಳು. ಮೊದಲ ಪೇರಲಹಣ್ಣಿನ ಬುಟ್ಟಿ ಅವಳದೇ.

"ಯಾರವಾ ನೀ?" ಎಂದಳು ಅಜ್ಜಿ.

"ನಾನು ರುದ್ರವ್ವ. ಗಾಡಿ ಓಡಸಾಕಿ."

"ದೀಪಕ್ಕ ಏನ ಮಾಡಿದಿ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹುಡುಗಿಯರ ಪಂದ್ಯಕ್ಕಾಗಿ ತಿದ್ದಿದೆ, ಸಂಜೆಯ ಗಾಡಿಗೆ ಮತ್ತೆ ಕೆಂಪು ಮಾಡುತ್ತೇನೆ, ಈಗ ಮಾಡಲು ಬರುವುದಿಲ್ಲ, ನಡುದಾರಿಯಲ್ಲಿ ಆಟ ಮುಚ್ಚಿ ತೆರೆದರೆ ಗಾಡಿ ವಾಪಸ್ ನಮ್ಮೂರಲ್ಲಿ ನಿಲ್ಲುತ್ತದೆ. ನಂಬು ಅಜ್ಜಿ ಎಂದೆ.

"ನಂಬಿದೆ ಬಿಡು. ನಂಬದ ಏನ ಮಾಡಲಿ, ನಿನ್ನ ಮಾರಿ ನಾ ನೋಡಿಲ್ಲ," ಎಂದಳು. "ಆದರ ಕೆಂಪು ಇದ್ದಾಗ ನೀ ಏನ ಮಾಡತಿದ್ದಿ?"

"ನಿಲ್ಲತಿದ್ದೆ. ಮೂರು ಸೀಟಿ ಹೊಡಿತಿದ್ದೆ. ಹೋಗಲೇನು ಅಂತ ಕೇಳತಿದ್ದೆ."

"ಯಾರನ್ನ?"

"ಆಟನ್ನ."

"ಇವತ್ತ ನಮ್ಮನ್ನ ಕೇಳು."

ಖಾಜಾಸಾಬರು ಬಾಯಿಗೆ ವಸ್ತ್ರ ಅಡ್ಡ ಹಿಡಿದು ನಕ್ಕರು. ನನಗೆ ಮೈ ಉರಿಯಿತು. ಅನಂತರ ಮೂರು ಸೀಟಿ ಹೊಡೆದೆ. ಹೋಗಲೇನಜ್ಜಿ ಎಂದು ಕೇಳಿದೆ.

"ತಡಿ, ವಿಚಾರ ಮಾಡತೀವಿ."

ಅವರು ಹನ್ನೆರಡು ನಿಮಿಷ ವಿಚಾರ ಮಾಡಿದರು. ಒಂದು ನಿಮಿಷ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮಕ್ಕಳೂ ಮುದುಕರೂ ಹಳಿಯ ಮೇಲೆಯೇ ಕೂತಿದ್ದರು. ಬುಟ್ಟಿಯವರಷ್ಟೇ ಎದ್ದು ಕಿಟಕಿಗಳ ಉದ್ದಕ್ಕೂ ನಡೆದರು, ಎಂದಿನಂತೆ. ಪೇರಲಹಣ್ಣು, ಕುದಿಸಿದ ಶೇಂಗಾ, ಚಹಾ. ಫೋನಿನಲ್ಲಿ ಸಂತೆಯ ಗದ್ದಲ ಕೇಳುತ್ತಿತ್ತು. ಯಾರೋ ಉಪ್ಪುಖಾರ ಕಡಿಮೆಯಾಯಿತೆಂದು ಜಗಳ ತೆಗೆದಿದ್ದರು. ನಾನು ಕುರ್ಚಿಯಲ್ಲಿ ಕೂತು ಗೋಡೆಯ ಗಡಿಯಾರ ನೋಡುತ್ತಿದ್ದೆ. ಉಳಿಸಿದ ಹನ್ನೆರಡು ನಿಮಿಷವೂ ಹೋಯಿತು.

ಆ ಹೊತ್ತಿನಲ್ಲಿ ಮಾಸ್ತರರನ್ನು ಕೇಳಿದೆ, ಸೊನ್ನೆ ಯಾಕೆ ಉಳಿಯಿತೆಂದು. ಏನೋ ದೊಡ್ಡ ಕಾರಣ ಇರಬಹುದೆಂದು ನಾನು ತಿಳಿದಿದ್ದೆ.

"ಊಟಕ್ಕ ಎದ್ದೆ," ಎಂದರು. "ಬಂದಾವ ಮುಂದಿನ ಸಿಗ್ನಲ್ಲಿಂದ ಬರದೆ. ಗೊತ್ತಾಗೂದರಾಗ ಅಲ್ಲಿ ಚಹಾದಂಗಡಿ ಆಗಿತ್ತು."

ಎರಡು ಮೂವತ್ಮೂರಕ್ಕೆ ಹುಲಿಗೆವ್ವ, "ಹೂಂ, ಹೊರಡು," ಎಂದಳು. ಹಳಿ ಖಾಲಿಯಾಯಿತು. ದ್ಯಾಮವ್ವ ಹತ್ತಿದಳು. ಒಂಬತ್ತು.

ಉಳಿದ ದಾರಿ ವೇಳಾಪಟ್ಟಿಯ ಪುಸ್ತಕದ ಪ್ರಕಾರ ನಲವತ್ತೆಂಟು ನಿಮಿಷ. ಅಂದರೆ ಮೂರು ಇಪ್ಪತ್ತೊಂದು. ನನಗೆ ಬೇಕಾದ್ದು ಮೂರು ಹದಿನಾಲ್ಕು. ಏಳು ನಿಮಿಷವನ್ನು ಇನ್ನು ಫೈಲಿನಿಂದ ಕದಿಯಲು ಬರುವುದಿಲ್ಲ, ಕೈಯಿಂದಲೇ ಗಳಿಸಬೇಕು. ವೇಗ ಎಂಬತ್ತು ದಾಟಿದರೆ ತಿರುವಿನಲ್ಲಿ ಗಾಡಿ ಉರುಳುತ್ತದೆ. ಉಳಿದದ್ದು ಬ್ರೇಕ್. ಪ್ರತಿ ಸ್ಟೇಷನ್ನಿಗೆ ಒಂದೂವರೆ ಕಿಲೋಮೀಟರ್ ಇರುವಾಗಲೇ ಎಲ್ಲರೂ ಬ್ರೇಕ್ ಹಾಕಿ ತೆವಳಿಕೊಂಡು ಒಳಗೆ ಬರುತ್ತಾರೆ. ಪುಸ್ತಕದ ಸಮಯವನ್ನು ಅಂಥವರನ್ನು ನೋಡಿಯೇ ಬರೆದದ್ದು. ಎಪ್ಪತ್ತೆರಡರಲ್ಲಿ ಬಂದ ಗಾಡಿ ಏಳುನೂರು ಮೀಟರಿನಲ್ಲಿ ನಿಲ್ಲುತ್ತದೆಂದು ಈಗಷ್ಟೇ ನನಗೆ ಗೊತ್ತಾಗಿತ್ತು. ಅದು ಜಗತ್ತಿನಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ಮೊದಲ ಸ್ಟೇಷನ್ನಿಗೆ ಎಂಟುನೂರು ಮೀಟರ್ ಇರುವವರೆಗೆ ಬ್ರೇಕ್ ಮುಟ್ಟಲಿಲ್ಲ. ಖಾಜಾಸಾಬರು ಕುರ್ಚಿಯ ತೋಳು ಹಿಡಿದುಕೊಂಡರು. ಎಳೆದೆ, ಎಂಟು ಸೆಕೆಂಡ್ ಎಣಿಸಿದೆ, ಬ್ರೇಕ್ ಹಿಡಿಯಿತು, ಕೊನೆಗೆ ಒಂದಿಷ್ಟು ಸಡಿಲ ಬಿಟ್ಟೆ. ಪ್ಲಾಟ್‌ಫಾರಂನ ತುದಿಗೆ ಸರಿಯಾಗಿ ನಿಂತಿತು. ಐವತ್ತು ಸೆಕೆಂಡ್ ಗಳಿಕೆ. ಎರಡನೆಯದಕ್ಕೆ ಒಂದು ನಿಮಿಷ. ಮೂರನೆಯದರಲ್ಲಿ ಒಂದು ಡಬ್ಬಿಯಷ್ಟು ಮುಂದೆ ಹೋಯಿತು, ಜನ ಗಂಟು ಹೊತ್ತು ಓಡಿಬಂದು ಹತ್ತಬೇಕಾಯಿತು, ಅರ್ಧ ನಿಮಿಷ ಹಾಳು. ಮಾಸ್ತರರು, "ಇಳಿಜಾರು ಅದ ಅಲ್ಲಿ. ಮರತಿ," ಎಂದರು. ಮರೆತಿದ್ದೆ. ನಾಲ್ಕನೆಯದರ ಮುಂದಿನ ಇಳಿಜಾರನ್ನು ಮರೆಯಲಿಲ್ಲ. ಅಲ್ಲಿ ಎಪ್ಪತ್ತೊಂಬತ್ತರ ಮೇಲೆ ಮುಳ್ಳು ನಿಲ್ಲಿಸಿ ಹನ್ನೆರಡು ಕಿಲೋಮೀಟರ್ ಹಿಡಿದೆ. ಎಂಬತ್ತಕ್ಕೆ ಬಿಡಲಿಲ್ಲ, ಎಪ್ಪತ್ತೆಂಟಕ್ಕೂ ಬಿಡಲಿಲ್ಲ.  ರಟ್ಟಿನ ಮರಗಳು ಗರಗರ ತಿರುಗಿ ಹಿಂದೆ ಹೋದವು. ಇಡೀ ಗಾಡಿ, ಹನ್ನೆರಡು ಡಬ್ಬಿ, ಐನೂರು ಜನ, ಬದನೆಕಾಯಿ ಚೀಲ ಎಲ್ಲ ನನ್ನ ಎರಡು ಬೆರಳಿನ ತುದಿಯಲ್ಲಿತ್ತು. ನಾನು ನಗುತ್ತಿದ್ದೆನಂತೆ. ಖಾಜಾಸಾಬರು ಆಮೇಲೆ ಹೇಳಿದರು.

ಕೊನೆಯ ಸ್ಟೇಷನ್. ಮೂರು ಹನ್ನೆರಡು. ಹುಡುಗಿಯರು ಮೂರನೆಯ ಡಬ್ಬಿಯಲ್ಲಿದ್ದರು. ಮೈದಾನದ ಕಡೆಗಿನ ಗೇಟು ಪ್ಲಾಟ್‌ಫಾರಂನ ಮಧ್ಯದಲ್ಲಿದೆ. ಎಂದಿನ ಜಾಗದಲ್ಲಿ ನಿಲ್ಲಿಸಿದರೆ ಜನರ ನಡುವೆ ನುಗ್ಗಿಕೊಂಡು ನೂರು ಮೀಟರ್ ಹಿಂದಕ್ಕೆ ಬರಬೇಕು. ನಾನು ಮೂರನೆಯ ಡಬ್ಬಿಯ ಬಾಗಿಲನ್ನೇ ಗೇಟಿನ ಎದುರು ತರಲು ನಿರ್ಧರಿಸಿದೆ. ಹಿಂದಿನ ಐದು ಡಬ್ಬಿ ಪ್ಲಾಟ್‌ಫಾರಂನ ಹೊರಗೆ ಉಳಿದವು, ಅವರು ಬೈದುಕೊಂಡು ಇಳಿಯಲಿ. ಎಳೆದೆ. ಎಂಟು ಸೆಕೆಂಡ್. ಸಡಿಲ, ಮತ್ತೆ ಎಳೆ, ಮತ್ತೆ ಸಡಿಲ. ಗಾಡಿ ನಿಂತದ್ದು ನನಗೇ ತಿಳಿಯಲಿಲ್ಲ. ಲೋಟದ ನೀರು ಅಲುಗಿರಲಿಕ್ಕಿಲ್ಲ.

ಫೋನ್ ಇನ್ನೂ ಚಾಲೂ ಇತ್ತು, ಈಗ ಮತ್ತೆ ಕಾಶವ್ವನ ಕೈಯಲ್ಲಿ. ಧಡಧಡ ಕಾಲುಗಳ ಸದ್ದು, ಯಾರದೋ ಬೈಗುಳ, ಗಾಳಿ. ಈ ಕಡೆ ಆಟ ತನ್ನ ವರದಿ ತೆರೆಯಿತು. ಹಸಿರು ಸಿಗ್ನಲ್ಲಿನಲ್ಲಿ ಕಾರಣವಿಲ್ಲದೆ ನಿಂತದ್ದು, ಹನ್ನೆರಡು ನಿಮಿಷ. ತುರ್ತು ಬ್ರೇಕ್, ಒಂದು ಸಲ. ಪ್ಲಾಟ್‌ಫಾರಂಗೆ ಸರಿಯಾಗಿ ನಿಲ್ಲಿಸದಿದ್ದದ್ದು, ಎರಡು ಸಲ.

"ಏನಂತದ?" ಮಾಸ್ತರರು ಕೇಳಿದರು.

"ಫೇಲ್ ಅಂತದ ರೀ."

"ನನ್ನನ್ನೂ ಒಂದ ಸಲ ಪಾಸ್ ಮಾಡಿಲ್ಲ ಅದು," ಎಂದು ಅವರು ಕಾಲು ಚಾಚಿದರು.

ಫೋನಿನಲ್ಲಿ ಗಂಡಸೊಬ್ಬ ಹೆಸರು ಓದತೊಡಗಿದ. ಕಾಶವ್ವ, ಹಾಜರ್. ಮೂವರೂ ಫೋನಿನ ಮೇಲೆ ಬಾಗಿದೆವು. ಮಾಸ್ತರರು ಒಂದೊಂದು ಹೆಸರಿಗೂ ಒಂದು ಬೆರಳು ಮಡಿಚುತ್ತಿದ್ದರು. ಏಳು. ಎಂಟು. ಒಂಬತ್ತನೆಯ ಹೆಸರು ಓದಿದ ಮೇಲೆ ಏನೂ ಕೇಳಿಸಲಿಲ್ಲ. ಆ ಮನುಷ್ಯ ಮತ್ತೊಮ್ಮೆ, ದ್ಯಾಮವ್ವ ತಪ್ಪಿನಕಟ್ಟಿ, ಎಂದು ಕೂಗಿದ.

"ಹಾಜರ್ ಸರ್," ಎಂದಿತು ಒಂದು ದನಿ, ಬಾಯಿತುಂಬ ಏನೋ ತಿನ್ನುತ್ತಿದ್ದ ದನಿ.

ನಾನು ಸಿಗ್ನಲ್ಲುಗಳ ಫೈಲು ತೆರೆದು ನಲವತ್ತೇಳನ್ನು ಅಳಿಸಿ ಸೊನ್ನೆ ಬರೆದೆ. ಸರಿಯಾಗಿದೆಯೇ ಎಂದು ಮೂರು ಸಲ ನೋಡಿದೆ. ಆಮೇಲೆ ಹುಡುಗಿಯರನ್ನು ವಾಪಸ್ ತರುವ ಆರು ಗಂಟೆಯ ಗಾಡಿಯ ಸರದಿ ಖಾಜಾಸಾಬರದಾಗಿದ್ದರೂ, ಆ ಕೆಂಪಿಗೆ ನಾನೇ ನಿಲ್ಲಿಸಬೇಕಾದ್ದರಿಂದ ಕುರ್ಚಿ ಬಿಟ್ಟು ಏಳುವುದಿಲ್ಲವೆಂದು ಅವರಿಗೆ ಸ್ಪಷ್ಟವಾಗಿ ಹೇಳಿದೆ.